ಕೆರೆಯಲ್ಲಿ ಸಿಕ್ಕ ತೂತು

ಬಾಗೂರು ದಾಟಿದ ಕೂಡಲೇ ನಮ್ಮ ಹಳೇ ಬಸ್ಸಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ರೇಡಿಯೇಟರ್ ತೂತಾಗಿತ್ತು. ಅದು ಅರವತ್ತರ ದಶಕ. ಹತ್ತಿರದಲ್ಲೆಲ್ಲೂ ರಿಪೇರಿ ಅಂಗಡಿಯಿಲ್ಲ. ನನಗೋ ಮಧ್ಯಾಹ್ನ ಹಾಸನದಲ್ಲಿ ಮೇಷ್ಟರ ಕೆಲಸದ ಸಂದರ್ಶನ!

"ಬಿಚ್ಚಿ ಈ ಪಕ್ಕದ್ ಕೆರೇಲಿ ಮುಳುಗ್ಸಿ ಸಾ. ಬಿಂದ್ಗೆ ತೂತ ನಾವು ಅಂಗೇ ಕಂಡಿಡಿಯೋದು," ಎಂದರು ಪಾತ್ರೆಗೆ ಕಲಾಯಿ ಹಾಕುವ ಸಾಬರು. ಅವರು ಬಸ್ಸು ಹತ್ತಿದಾಗ, ನನ್ನ ಬಿಳಿ ಅಂಗಿ ಮಸಿಯಾದೀತೆಂದು ಪಕ್ಕದಲ್ಲಿ ಜಾಗವಿಲ್ಲ ಎಂದಿದ್ದೆ.

ಡ್ರೈವರ್ ಬಿಚ್ಚಿಕೊಟ್ಟ. ಸಾಬರು ಅದನ್ನು ನೀರಿಗಿಳಿಸಿ, ತಮ್ಮ ಗಂಟಿನಲ್ಲಿದ್ದ ತಿದಿಯಿಂದ ಗಾಳಿ ಊದಿದರು. ಗುಳುಗುಳು ಗುಳ್ಳೆ! "ಅಗೋ, ಅಲ್ಲೇ!" ಎಂದು ಇಡೀ ಬಸ್ಸೇ ಕೂಗಿತು. ಇದ್ದಿಲು ಹೊತ್ತಿಸಿ, ತವರ ಕರಗಿಸಿ ಅವರು ಬೆಸುಗೆ ಹಾಕುವಾಗ ತಿದಿ ಒತ್ತಿದವನು ನಾನೇ.

ಮಸಿ ಅಂಗಿಯಲ್ಲೇ ಸಂದರ್ಶನಕ್ಕೆ ಹೋದೆ. ಏನಿದು ಎಂದು ಕೇಳಿದಾಗ ಉತ್ಸಾಹದಿಂದ ಎಲ್ಲವನ್ನೂ ಹೇಳಿದೆ, ಸಾಬರಿಗೆ ಜಾಗ ಕೊಡದಿದ್ದುದೊಂದನ್ನು ಬಿಟ್ಟು. ಅದನ್ನು ಇವತ್ತು ಹೇಳುತ್ತಿದ್ದೇನೆ.