ಹೊಸ ಸಾಮಾನು, ಹಳೇ ಹಂಸ

ತಾರಮಂಗಲದ ನಮ್ಮ ಕನ್ನಡ ದೇವಾಂಗ ನೇಕಾರರ ಬೀದಿಗೆ, ಅಂಚಿನ ಚಿತ್ರ ನೇಯಲು ಮಗ್ಗದ ಮೇಲೆ ಕೂರಿಸುವ ಮೊದಲ ಜಕಾರ್ಡ್ ಪೆಟ್ಟಿಗೆಯನ್ನು ಸೇಲಂನಿಂದ ತಲೆಯ ಮೇಲೆ ಹೊತ್ತು ತಂದವರು ಮುನಿವೆಂಕಟಪ್ಪ. ಅವರ ಮಗ ದಾಸಪ್ಪ ಒಂದಕ್ಷರ ಓದದಿದ್ದರೂ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು, ಪೋಣಿಸಿ, ಹಂಸ, ಯಾಳಿ, ಮಾವಿನಕಾಯಿ ಎಂದು ಒಂಬತ್ತು ಸೀರೆಯಂಚುಗಳನ್ನು ಕಟ್ಟಿದರು. ಆ ಪಟ್ಟಿಗಳಿಗೆ ನಾವು ಅಟ್ಟೆ ಎನ್ನುತ್ತೇವೆ. ತೂತಿದ್ದಲ್ಲಿ ಸೂಜಿ ನುಗ್ಗಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ದಾಸಪ್ಪನವರ ಹೆಂಡತಿ ದೊಡ್ಡಕ್ಕ, ಕಣ್ಣು ಮಂಜಾದ ಮೇಲೂ, ಕಡಿದ ಎಳೆಯನ್ನು ಬೆರಳಲ್ಲೇ ಹುಡುಕಿ ಗಂಟು ಹಾಕುತ್ತಿದ್ದರು. ಇಂಥವರ ಮಗಳು ಗಂಗಲಕ್ಷ್ಮಮ್ಮ.

ಎಪ್ಪತ್ತನಾಲ್ಕರ ದೀಪಾವಳಿ ಕಳೆದ ವಾರ ನೇಕಾರರ ಸಂಘದ ಸೂಪರ್‌ವೈಸರ್ ಈಶ್ವರನ್ ಈ ಪೆಟ್ಟಿಗೆಗಳಿಗೆ ಹೊಸ ಸಾಮಾನು ತಂದರು: ಸ್ಪ್ರಿಂಗು, ಎಳೆ ಎತ್ತುವ ಕೊಕ್ಕೆ, ಅಟ್ಟೆಗಳನ್ನು ತಿರುಗಿಸುವ ನಾಲ್ಕು ಮುಖದ ಉರುಳೆ. ಬೀದಿಯ ಹನ್ನೆರಡು ಮಗ್ಗಗಳೂ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಮದುವೆಗಳಿಗೆ ಹಂಸದಂಚಿನ ಸೀರೆ ಒಪ್ಪಿಕೊಂಡಿದ್ದವು. ಹೊಸ ಸಾಮಾನಿಗೆ ದಾಸಪ್ಪನವರ ಹಳೇ ಅಟ್ಟೆ ಒಗ್ಗದಿದ್ದರೆ ಹನ್ನೆರಡು ಮನೆಯ ಕೆಲಸವೂ ನಿಂತಂತೆ. ಹೊಸ ಅಟ್ಟೆ ಹೊಡೆಯಲು ಆರು ತಿಂಗಳಾದರೂ ಬೇಕು, ಮದುವೆಗಳು ಕಾಯುತ್ತವೆಯೇ?

ಈಶ್ವರನ್‌ಗೆ ಅವಸರ. ನಮ್ಮ ಬೀದಿಯ ಮಾರಿಯಪ್ಪನ ಮಗ್ಗಕ್ಕೆ ಮೂರನ್ನೂ ಒಂದೇ ಬೆಳಗ್ಗೆ ಹಾಕಿಸಿದರು. ಮಧ್ಯಾಹ್ನ ಮಾರಿಯಪ್ಪ ಬಾಯಿ ಬಡಿದುಕೊಂಡ.

“ಕೊಕ್ಕಿಲ್ಲ ಸಾರ್, ಕೊಕ್ಕಿಲ್ಲ!”

ತಮಿಳಿನಲ್ಲಿ ಕೊಕ್ಕೆಗೆ ಕೊಕ್ಕಿ ಎನ್ನುತ್ತಾರೆ. ತಮಿಳಿನವರಾದ ಈಶ್ವರನ್ ಪೆಟ್ಟಿಗೆಯೊಳಗೆ ತಲೆ ತೂರಿಸಿ ಇನ್ನೂರು ಕೊಕ್ಕೆಗಳನ್ನೂ ಎಣಿಸಿದರು. “ಎಲ್ಲಾ ಇರುಕ್ಕೇಪ್ಪಾ, ಎಲ್ಲಾ ಇದೆ!”

“ಅದಲ್ಲ ಸಾರ್, ಅಂಸದ ಮೂತಿ! ಮೂತಿ ಇಲ್ದಿರೋ ಅಂಸ ಉಟ್ಕಂಡು ಮದುವೆಣ್ಣು ಹಸೆ ಮ್ಯಾಲೆ ಕುಂತ್ರೆ ಬೀಗರು ಏನಂತಾರೆ?”

ಬೀದಿಯೇ ನಕ್ಕಿತು. ಈಶ್ವರನ್ ಮುಖ ಕೆಂಪಾಗಿ, ತಪ್ಪೆಲ್ಲ ಹೊಸ ಕೊಕ್ಕೆಗಳದೇ ಎಂದು ಅವನ್ನು ಕೀಳಿಸಿ ಹಳೆಯವನ್ನು ಹಾಕಿಸಿದರು. ಆದರೂ ಹಂಸಕ್ಕೆ ಕೊಕ್ಕು ಬರಲಿಲ್ಲ. ಆಗ ಗಂಗಲಕ್ಷ್ಮಮ್ಮ ಬಂದರು.

“ಮೂರು ಔಷ್ದಿ ಒಟ್ಟಿಗೆ ಕುಡಿಸ್ಬಿಟ್ಟು, ವಾಂತಿ ಮಾಡಿಸಿದ್ದು ಯಾವ್ದು ಅಂದ್ರೆ ಯಾರ್ಲಾ ಏಳ್ತಾರೆ, ಮಾರಿಯಪ್ಪಾ? ಹಳೇದೆಲ್ಲ ತಿರುಗಿ ಹಾಕು. ಪರೀಕ್ಷೆಗೆ ನನ್ನ ಮಗ್ಗ ಐತೆ. ಮಿಕ್ಕಿದ್ದು ಯಾರೂ ಮುಟ್ಟಬ್ಯಾಡಿ.”

ತಮ್ಮ ಮಗ್ಗದಲ್ಲಿ ಮೊದಲು ಸ್ಪ್ರಿಂಗು ಮಾತ್ರ ಬದಲಿಸಿದರು. ಒಂಬತ್ತು ಅಂಚಿನ ಅಟ್ಟೆಗಳನ್ನೂ ಒಂದಾದ ಮೇಲೊಂದು ಏರಿಸಿ ಒಂದೊಂದು ಗೇಣು ನೇಯ್ದರು.

“ಹಂಸ ಸರಿಯಾಗಿ ಬಂದ್ರೆ ಸಾಕಲ್ಲಮ್ಮಾ?” ಎಂದರು ಈಶ್ವರನ್.

“ಅಂಸಕ್ಕೆ ಒಗ್ಗಿದ್ದು ಯಾಳಿಗೂ ಒಗ್ಗಬ್ಯಾಡ್ವಾ ಸಾರ್?”

ನಾಲ್ಕು ದಿನ ಹಿಡಿಯಿತು. ಒಂಬತ್ತೂ ಸರಿಯಾಗಿದ್ದವು. ಆಮೇಲೆ ಕೊಕ್ಕೆ, ಮತ್ತೆ ನಾಲ್ಕು ದಿನ. ಎಲ್ಲರೂ ಬೈದ ಆ ಕೊಕ್ಕೆಗಳು ಎಳೆಗಳನ್ನು ಹೂವಿನ ಹಾಗೆ ಎತ್ತಿದವು. ಕೊನೆಗೆ ಉರುಳೆ ಹಾಕಿದರು. ಮೊದಲ ಗೇಣಿನಲ್ಲೇ ಕೊಕ್ಕು ಮಾಯ! ಹಳೇ ಅಟ್ಟೆಯೊಂದನ್ನು ಉರುಳೆಗೆ ಹೊಂದಿಸಿ ನೋಡಿದರೆ, ಒಂದು ತುದಿಯಲ್ಲಿ ತೂತುಗಳು ಕೂಡುತ್ತಿದ್ದವು, ಕೊಕ್ಕಿನ ಎಳೆಗಳಿರುವ ಇನ್ನೊಂದು ತುದಿಯಲ್ಲಿ ಅಕ್ಕಿಕಾಳಿನ ಮೂತಿಯಷ್ಟು ಸರಿದಿದ್ದವು. ಬೇರೆ ಯಾರಾದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಗಂಗಲಕ್ಷ್ಮಮ್ಮ ಹಳೇ ಉರುಳೆ ಹಾಕಿದರು, ಕೊಕ್ಕು ಬಂತು. ಮತ್ತೆ ಹೊಸದು ಹಾಕಿದರು, ಹೋಯಿತು. ಆಮೇಲಷ್ಟೇ ಬಾಯಿ ಬಿಟ್ಟರು:

“ಸ್ಪ್ರಿಂಗು, ಕೊಕ್ಕೆ ಇರ್ಲಿ. ಉರುಳೆ ವಾಪಸ್ ತಕಂಡೋಗಿ.”

ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯ್ದವನು ನಾನು. ಅಷ್ಟು ತಾಳ್ಮೆಯ ಇನ್ನೊಂದು ಕೈಯನ್ನು ಕಂಡಿಲ್ಲ.

ಈಶ್ವರನ್ ಕೈ ಮುಗಿದರು. “ಒಪ್ಪಿದೆ ಅಮ್ಮಾ. ಸೇಲಂನಿಂದ ಇಬ್ಬರು ಮೆಕ್ಯಾನಿಕ್ ಕಳಿಸ್ತೀನಿ. ಮಿಕ್ಕ ಹನ್ನೊಂದು ಮಗ್ಗಾನೂ ಎರಡೇ ದಿನಕ್ಕೆ ಮುಗಿಸ್ತಾರೆ.”

“ಬ್ಯಾಡ ಸಾರ್. ನನ್ನ ಮಗ್ಗ ಒಪ್ಪಿದ್ದನ್ನ ಮಾರಿಯಪ್ಪನ ಮಗ್ಗಾನೂ ಒಪ್ತೈತೆ ಅಂತ ಯಾರು ಏಳಿದ್ರು? ಒಂದೊಂದ್ರಲ್ಲೂ ಗೇಣು ಗೇಣು ನೇಯ್ದು ನೋಡ್ಬೇಕು. ಎರಡು ದಿನಕ್ಕೆ ಮುಗಿಸೋರು ನಂಗೆ ಬ್ಯಾಡ. ನಾನೇ ಮಾಡ್ಕಂತೀನಿ, ನೀವು ಓಗಿ ಬಸ್ ಹಿಡೀರಿ.”