ಮೂರು ತೊಗರಿ ಗಿಡ ಸತ್ತದ್ದು ಹೇಗೆ?

ಸತ್ತ ಮೂರು ತೊಗರಿ ಗಿಡಗಳು ಹತ್ತೊಂಬತ್ತು ದಿನ ನನ್ನ ನಿದ್ದೆ ಕೆಡಿಸಿದವು. (ದಿನ ಎಣಿಸುವುದು ನನ್ನ ಚಟ.)

ನನ್ನ ಸಂಶೋಧನೆಯ ತೊಗರಿ ಇರುವುದು ಬಸವಕಲ್ಯಾಣದ ಹತ್ತಿರದ ಒಂದು ಹೊಲದಲ್ಲಿ. ಪ್ರತಿ ಗಿಡಕ್ಕೂ ನಂಬರಿನ ಚೀಟಿ. ಎಳೆ ಎಲೆ ಕಿತ್ತು ಕಳಿಸಿದರೆ ಲ್ಯಾಬಿನಲ್ಲಿ ಡಿಎನ್‌ಎ ನೋಡುತ್ತಾರೆ. ಹುಡುಕುತ್ತಿರುವುದು ಗಿಡ ಒಣಗಿಸುವ ನೆಟೆ ರೋಗವನ್ನು ತಡೆಯುವ ಜೀನ್. ಅದು ನೇರವಾಗಿ ಕಾಣುವುದಿಲ್ಲ. ಅದರ ಪಕ್ಕದ ಮಾರ್ಕರ್ ಸಿಗುತ್ತದೆ. ಬಸ್ಸಿನಲ್ಲಿ ತೂಕಡಿಸುವವರು ಊರ ಹೊರಗಿನ ಬೇವಿನ ಮರ ಕಂಡೊಡನೆ ಊರು ಬಂತೆಂದು ಎದ್ದು ಚೀಲ ಹುಡುಕುವುದಿಲ್ಲವೇ? ಮಾರ್ಕರ್ ಅಂದರೆ ಆ ಮರ.

ಒಣಗಿದ ಗಿಡ ಹನ್ನೆರಡು. ಒಂಬತ್ತರಲ್ಲಿ ಮಾರ್ಕರ್ ಇಲ್ಲ, ಸರಿ. ಮೂರರಲ್ಲಿ ಇತ್ತು. ಅವು ಬದುಕಬೇಕಿತ್ತು. ಮರ ಇದೆ, ಊರಿಲ್ಲ ಅಂದರೆ? ಯಾವ ಮಾರ್ಕರ್ ಪಕ್ಕ ಜೀನ್ ಇದೆ ಎಂದು ಹಾಕಿದ ನನ್ನ ನಕ್ಷೆಯೇ ತಪ್ಪು. ಎರಡು ವರ್ಷದ ಕೆಲಸ ಮಣ್ಣುಪಾಲು.

ಎಲೆಗಳು ಅದಲುಬದಲಾದವೇ? ಲ್ಯಾಬಿಗೆ ಮೂರು ಸಲ ಫೋನ್ ಮಾಡಿದೆ. ಹುಮನಾಬಾದಿನ ರೂಮಿನಲ್ಲಿ ಕೂತು ಪಟ್ಟಿಯನ್ನು ಐದು ಸಲ ತಾಳೆ ನೋಡಿದೆ. ಗೈಡ್ ಕೇಳುವ ಮೊದಲೇ ಆ ಮೂರನ್ನು ಅಳಿಸಿಬಿಡಲೇ ಎಂದೂ ಅನ್ನಿಸಿತು. (ಪೆನ್ಸಿಲ್ಲಿನಲ್ಲಿ ಬರೆಯುವುದರ ಅಪಾಯ ಇದೇ.)

ಶನಿವಾರ ಮೊದಲ ಬಸ್ಸಿಗೇ ಹೊಲಕ್ಕೆ ಹೋದೆ. ಕಳೆ ತೆಗೆಯಲು ಬರುವ ಕಮಲಮ್ಮ ಬದುವಿನ ಮೇಲೆ ರೊಟ್ಟಿ ಬಿಚ್ಚಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ರೊಟ್ಟಿ ಮತ್ತೆ ಕಟ್ಟಿಟ್ಟು ಕಳೆ ಕೀಳುವ ಖುರ್ಪಿ ಹಿಡಿದು ಎದ್ದರು. ನಂಬರ್ ಕೇಳಲೇ ಇಲ್ಲ. ನೇರ ಆ ಮೂರು ಗಿಡಗಳ ಹತ್ತಿರ ಹೋಗಿ, ಒಂದೊಂದನ್ನೇ ಕಿತ್ತು ಬುಡ ಸೀಳಿದರು.

“ನೆಟಿ ಬಂದ್ರ ಒಳಗ ಕರಿ ಗೆರಿ ಇರ್ತಾವ್ರಿ. ಇಲ್ಲಿ ನೋಡ್ರಿ, ಬೆಳ್ಳಗ ಅದ. ಕಳಿ ತೆಗಿಯಾಗ ನನ್ನ ಖುರ್ಪಿ ಬಡದು ಬೇರು ಹರದಾವ.”

ಬುಡ ಸೀಳಿ ನೋಡಬೇಕೆಂದು ನಾನೂ ಓದಿದ್ದೇನೆ. ಆದರೆ ಬದುವಿನ ಮೇಲೆ ನಿಂತೇ, ಒಣಗಿದ್ದೆಲ್ಲ ನೆಟೆಯೆಂದು ಎಣಿಸಿದ್ದೆ.

ಅವತ್ತೇ ಯಾಕೆ ಹೇಳಲಿಲ್ಲ ಎಂದೆ.

“ಹ್ಯಾಂಗ ಹೇಳಬೇಕ್ರಿ ಸರ್? ಒಂದ್ ಗಿಡ ತುಳದಾಳಂತ ನಮ್ಮ ನಾಗಮ್ಮಗ ಅವತ್ತೇ ಮನಿಗಿ ಕಳಸಿದ್ರಿ. ಮೂರು ಗಿಡಕ್ಕ ನನಗ ಎಲ್ಲಿಗಿ ಕಳಸ್ತಿದ್ರಿ?”

ಪಕ್ಕದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ಡೈರಿ ತಿರುವಿದೆ. ನಾಗಮ್ಮನನ್ನು ಕಳಿಸಿದ ದಿನದ ಪುಟದಲ್ಲಿ ನನ್ನದೇ ಚೊಕ್ಕ ಅಕ್ಷರ: ‘ಆಳು ಆರು. ಒಬ್ಬರು ವಾಪಸ್. ತುಳಿದ ಗಿಡ ಒಂದು, ಬದುಕಿದೆ.’

ನೆಟೆಯ ಲೆಕ್ಕದಲ್ಲಿ ಹನ್ನೆರಡನ್ನು ಹೊಡೆದು ಒಂಬತ್ತು ಮಾಡಿದೆ, ಪೆನ್ನಿನಲ್ಲಿ. ಮೂರರ ಮುಂದೆ ‘ಖುರ್ಪಿ’ ಎಂದು ಕಾರಣ ಬರೆದೆ. ನಕ್ಷೆ ಉಳಿಯಿತು.

ನಾಗಮ್ಮ ಮಾತ್ರ ಅವತ್ತಿನಿಂದ ಕೆಲಸಕ್ಕೆ ಬಂದಿಲ್ಲ. ಅದನ್ನು ಯಾವ ಕಾಲಂನಲ್ಲಿ ಬರೆಯಲಿ?