ಬಲೆ ಎಳೆಯುತ್ತಿದ್ದ ಕೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನೂ ಇಲ್ಲ. ಹೊನ್ನಾವರದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ಇದು ನನ್ನದೇ ನೈಟ್ ಡ್ಯೂಟಿಯಲ್ಲಿ ನಡೆದದ್ದು.

ಜಾಲಿ ಎಂಬ ಊರಿನ ಮೀನು ಬೋಟಿನವರೊಬ್ಬರು ರಕ್ತಕ್ಕೆ ಸೋಂಕು ಏರಿ ಬಂದಿದ್ದರು. ಬಲವಾದ ಆಂಟಿಬಯೋಟಿಕ್ ಡ್ರಿಪ್ ನಡೆದಿತ್ತು. ಮೂರನೇ ದಿನ ಅರೆಪ್ರಜ್ಞೆಯಲ್ಲೇ ಅವರ ಕೈಗಳು ಜಗ್ಗಿ ಜಗ್ಗಿ ಬೀಳತೊಡಗಿದವು.

“ಬಲೆ ಎಳೀತಿದ್ದಾರೆ ಅಷ್ಟೇ ಸಿಸ್ಟರ್. ಮನೇಲೂ ನಿದ್ದೇಲಿ ಹಿಂಗೇ,” ಎಂದರು ಹೆಂಡತಿ.

ನಾನೂ ಮೀನುಗಾರರ ಮನೆಯವಳು. ಹೌದೆನ್ನಿಸಿ ಚಾರ್ಟಿನಲ್ಲಿ ಬರೆಯಲೇ ಇಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರಾತ್ರಿ ಎರಡಕ್ಕೆ ಮುಂದಿನ ಡೋಸ್ ಹಾಕಿದೆ. ಹಿಂದೆಯೇ ಲ್ಯಾಬಿನಿಂದ ಫೋನ್... ಅವರ ಕಿಡ್ನಿ ಕೈಕೊಟ್ಟಿದೆ. ಹೊರಹೋಗದ ಔಷಧಿ ಮೈಯಲ್ಲೇ ತುಂಬಿ ಮಿದುಳಿಗೆ ವಿಷವಾಗುತ್ತಿತ್ತು. ಕೈ ಜಗ್ಗಿದ್ದು ಅದಕ್ಕೇ.

ಡ್ರಿಪ್ ನಿಲ್ಲಿಸಲು ಓಡಿದೆ. ಕೈ ಚಾಚಿದ್ದೇ ತಡ, ಅವರು ನನ್ನ ಬಲಗೈ ಮಣಿಕಟ್ಟು ಹಿಡಿದುಬಿಟ್ಟರು. ಎಷ್ಟು ಕೊಸರಿದರೂ ಬಿಡಲಿಲ್ಲ. ಡಾಕ್ಟರೂ ಇನ್ನೊಬ್ಬ ನರ್ಸೂ ಕೆಳಗೆ ಅಪಘಾತದ ಕೇಸಿನಲ್ಲಿದ್ದರು. ಫೋನು ದೂರದ ಮೇಜಿನ ಮೇಲಿತ್ತು. ಸ್ಪಿರಿಟ್ ವಾಸನೆಯ ನಡುವೆ ಎಲ್ಲಿಂದಲೋ ಒದ್ದೆ ಬಲೆಯ ವಾಸನೆ...

“ನಿನ್ನಪ್ಪ ಇಲ್ಲೇ ಇದ್ದಾನೆ,” ಎಂದು ಪಿಸುಗುಟ್ಟಿದರು.

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಅಪ್ಪ ಹೋಗಿ ಹನ್ನೊಂದು ವರ್ಷ. ಹೆಣ ಸಿಗಲಿಲ್ಲ. ಈ ಮನುಷ್ಯನಿಗೆ ನನ್ನ ಹೆಸರೂ ಗೊತ್ತಿರಲಿಲ್ಲ.

“ಎಂತ ಹೇಳ್ತಾರೆ?” ಎಂದೆ.

“ಥಂಡಿ ಅಂತಾನೆ...”

“ಎಲ್ಲಿದ್ದಾರೆ?”

ತುಟಿ ಅಲುಗಿತು, ಮಾತು ಬರಲಿಲ್ಲ. ಔಷಧಿ ಹನಿಹನಿಯಾಗಿ ಇಳಿಯುತ್ತಲೇ ಇತ್ತು. ನನ್ನ ಎಡಗೈ ಖಾಲಿಯಿತ್ತು. ಡ್ರಿಪ್ ನಿಲ್ಲಿಸುವ ಪುಟ್ಟ ಚಕ್ರ ಅದಕ್ಕೆ ಎಟುಕುತ್ತಿತ್ತು. ಆದರೂ ನಾನು ತಿರುಗಿಸಲಿಲ್ಲ... ಇನ್ನೊಂದೇ ಒಂದು ಮಾತು ಬರಲಿ ಎಂದು ಕಾದೆ.

ಎಷ್ಟು ಹೊತ್ತೋ ತಿಳಿಯದು. ಅವರ ಮೈಯೆಲ್ಲ ಸೆಟೆದು ಅದುರತೊಡಗಿದಾಗ ಹಿಡಿತ ಸಡಿಲವಾಯಿತು. ಚಕ್ರ ತಿರುಗಿಸಿ ಫೋನಿಗೆ ಓಡಿದೆ. ಡಾಕ್ಟರು ಬಂದು ಫಿಟ್ಸಿಗೆ ಇಂಜೆಕ್ಷನ್ ಕೊಟ್ಟರು, ಬೆಳಗಾಗುವುದರೊಳಗೆ ಡಯಾಲಿಸಿಸ್ ಶುರುವಾಯಿತು. ಜೀವ ಉಳಿಯಿತು.

ನಾಲ್ಕು ದಿನದ ಮೇಲೆ ಅವರು ಗಂಜಿ ಕುಡಿಯುತ್ತ ಕೂತಿದ್ದರು. ಆ ರಾತ್ರಿ ಹೇಳಿದ್ದು ನೆನಪಿದೆಯಾ ಎಂದು ಮೆಲ್ಲಗೆ ಕೇಳಿದೆ.

“ಎಂತದೂ ನೆನಪಿಲ್ಲ ಸಿಸ್ಟರ್. ನಾ ಎಂತ ಹೇಳ್ದೆ?”

“ಎಂತ ಇಲ್ಲ,” ಎಂದೆ.

ಹೆಂಡತಿ ನನ್ನ ಕೈ ಹಿಡಿದು, “ನೀವೇ ಉಳಿಸಿದ್ದು,” ಎಂದು ಅತ್ತರು.

ವಿಷ ತಲೆಗೇರಿದರೆ ಹಾಗೆಲ್ಲ ಬಡಬಡಿಸುತ್ತಾರೆ ಎನ್ನುತ್ತಾರೆ ಡಾಕ್ಟರು. ಇರಬಹುದು. ಆದರೆ ಆ ಔಷಧಿ ಯಾರಿಗಾದರೂ ಹಾಕುವಾಗ, ಅಪ್ಪ ಎಲ್ಲಿದ್ದಾರೆ ಎಂದು ಕೇಳುವ ಆಸೆಯಾಗುತ್ತದೆ. ಹೆದರಿ ಬೇರೆ ವಾರ್ಡ್ ಕೇಳಿದ್ದೇನೆ. ಇನ್ನೂ ಕೊಟ್ಟಿಲ್ಲ.